ತರಬೇತಿ ನಡೆಸುವವರ ಕೈಪಿಡಿ: ಬರೆಯುವ ಕ್ರಮ, ಬಳಸುವ ಕ್ರಮ

ಬೇಸಾಯದ ಪಾಠವನ್ನು ಅಧಿಕಾರಿಗಳೇ ಬಂದು ಹೇಳಬೇಕು, ರೈತರು ಕುಳಿತು ಕೇಳಬೇಕು ಎಂಬ ಕಾಲ ಹಿಂದಾಯಿತು. ಇಂದು ಹಾಲು ಉತ್ಪಾದಕರ ಸಂಘ, ರೈತ ಉತ್ಪಾದಕರ ಕಂಪನಿ, ಮಹಿಳಾ ಸ್ವಸಹಾಯ ಗುಂಪು, ಕ್ಷೇತ್ರ ಪಾಠಶಾಲೆ ಮುಂತಾದ ಕಡೆಗಳಲ್ಲಿ ಓದುಬರಹ ಬಲ್ಲ ಅನುಭವಸ್ಥ ರೈತರೇ ನೆರೆಹೊರೆಯವರಿಗೆ ಪಾಠ ನಡೆಸುವ ಸಂದರ್ಭಗಳು ಹೆಚ್ಚುತ್ತಿವೆ. ಇದು ಸಂತೋಷದ ಸಂಗತಿ. ಆದರೆ ತಾನು ಒಂದು ಕೆಲಸವನ್ನು ಬಲ್ಲೆನೆಂದ ಮಾತ್ರಕ್ಕೆ ಅದನ್ನು ಇನ್ನೊಬ್ಬರಿಗೆ ಕಲಿಸಬಲ್ಲೆನೆಂದು ಯಾರೂ ತಿಳಿಯಬಾರದು. ಕಲಿಸುವುದೂ ಒಂದು ಕಸುಬು. ಆ ಕಸುಬಿಗೆ ಬೇಕಾದ ಮುಖ್ಯ ಸಲಕರಣೆಯೆಂದರೆ ಪಾಠ ನಡೆಸುವವನ ಕೈಪಿಡಿ. ಅದನ್ನು ಸಿದ್ಧಪಡಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಒಂದು ತಪ್ಪಿನ ಕಥೆ

ಈ ಲೇಖಕನಿಗೆ ಕೈಪಿಡಿಯ ಮಹತ್ವ ಮನದಟ್ಟಾದುದು ತನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಮೈಸೂರಿನ ಸಮೀಪದ ರೇಷ್ಮೆ ಬೆಳೆಯುವ ಗ್ರಾಮವೊಂದರಲ್ಲಿ ಮೂವರು ರೈತರು ತಮ್ಮ ತಮ್ಮ ಕೇರಿಗಳಲ್ಲಿ ಹುಳು ಸಾಕಣೆ ಮನೆಯ ಸೋಂಕು ನಿವಾರಣೆಯ ಬಗ್ಗೆ ತರಬೇತಿ ನಡೆಸಲು ಮುಂದೆ ಬಂದರು. ಅವರಿಗೆಂದು ನಾಲ್ಕು ಪುಟಗಳ ಕೈಪಿಡಿಯನ್ನು ಬರೆದುಕೊಟ್ಟೆ. ರೋಗಗಳ ಹೆಸರು, ಸೂಕ್ಷ್ಮಾಣುಗಳ ವಿಚಾರ, ಶುಚಿತ್ವದ ಮಹತ್ವ ಎಲ್ಲವೂ ಅದರಲ್ಲಿದ್ದವು. ಮುಖ್ಯವಾದ ಜಾಗದಲ್ಲಿ ಮಾತ್ರ "ಬ್ಲೀಚಿಂಗ್ ಪುಡಿಯನ್ನು ತಕ್ಕಷ್ಟು ನೀರಿನಲ್ಲಿ ಬೆರೆಸಿ ಚೆನ್ನಾಗಿ ಸಿಂಪಡಿಸಬೇಕು" ಎಂದು ಬರೆದಿದ್ದೆ.

"ತಕ್ಕಷ್ಟು" ಎಂಬ ಒಂದು ಪದಕ್ಕೆ ಮೂವರು ಮೂರು ಅರ್ಥ ಮಾಡಿದರು. ಒಬ್ಬರು ಬಿಂದಿಗೆ ನೀರಿಗೆ ಎರಡು ಹಿಡಿ ಪುಡಿ ಎಂದರು. ಇನ್ನೊಬ್ಬರು ಸಿಂಪರಣಾ ಡಬ್ಬಕ್ಕೆ ಒಂದು ಲೋಟ ಎಂದರು. ಮೂರನೆಯವರು ಪ್ರಾಮಾಣಿಕರು. ತಮಗೆ ಖಚಿತವಿಲ್ಲವೆಂದು ಆ ಭಾಗವನ್ನೇ ಬಿಟ್ಟರು. ಮುಂದಿನ ಬೆಳೆಯಲ್ಲಿ ಒಂದು ಕೇರಿಯ ಕೆಲವು ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಹಾಲುತೊಂಡೆ ರೋಗ ಕಾಣಿಸಿತು. ಸೊಪ್ಪಿಗೂ ಆಳಿಗೂ ಅಷ್ಟು ಹೊತ್ತಿಗೆ ಖರ್ಚಾಗಿ ಹೋಗಿತ್ತು. ಇನ್ನೊಂದು ವಾರದಲ್ಲಿ ಚಂದ್ರಿಕೆಗೆ ಏರಬೇಕಾಗಿದ್ದ ಹುಳುಗಳನ್ನು ಗುಂಡಿಗೆ ಸುರಿದರು. ಬೆಳೆ ಹೋಗಲು ಆ ಒಂದೇ ಕಾರಣವೆಂದು ಹೇಳಲಾಗದು. ಆದರೆ ಒಬ್ಬ ತಾಯಿ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. "ಅಳತೆ ಗೊತ್ತಿದ್ದವರು ನೀವು, ಬರೆದುಕೊಡೋಕೆ ಏನಾಗಿತ್ತಪ್ಪಾ?" ಎಂದು ಆಕೆ ಕೇಳಿದ್ದರು.

ಕೈಪಿಡಿ ಎಂದರೇನು?

ರೈತರಿಗೆ ಹಂಚುವ ಮಡಿಕೆ ಪತ್ರ ಬೇರೆ, ಪಾಠ ನಡೆಸುವವನ ಕೈಪಿಡಿ ಬೇರೆ. ಮಡಿಕೆ ಪತ್ರದಲ್ಲಿ ಇರುವುದು ವಿಷಯ. ಕೈಪಿಡಿಯಲ್ಲಿ ಇರಬೇಕಾದ್ದು ವಿಷಯವನ್ನು ಕಲಿಸುವ ದಾರಿ. ಯಾವ ಹೊತ್ತಿನಲ್ಲಿ ಏನು ಮಾಡಬೇಕು, ಏನು ತೋರಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವ ಉತ್ತರ ಬರಬಹುದು, ತಪ್ಪು ಉತ್ತರ ಬಂದರೆ ಹೇಗೆ ತಿದ್ದಬೇಕು, ಕಲಿತರೋ ಇಲ್ಲವೋ ಎಂಬುದನ್ನು ಹೇಗೆ ಪರೀಕ್ಷಿಸಬೇಕು – ಇವಿಷ್ಟೂ ಅದರಲ್ಲಿರಬೇಕು. ಅಡುಗೆಭಟ್ಟನಿಗೆ ಊಟದ ವರ್ಣನೆಯಿಂದ ಪ್ರಯೋಜನವಿಲ್ಲ. ಅಕ್ಕಿ ಎಷ್ಟು, ನೀರೆಷ್ಟು, ಉರಿ ಎಷ್ಟು ಎಂಬುದು ಬೇಕು.

ಒಳ್ಳೆಯ ಕೈಪಿಡಿಯಿಂದ ಮೂರು ಲಾಭಗಳಿವೆ. ಮೊದಲನೆಯದು, ಹತ್ತು ಊರುಗಳಲ್ಲಿ ಹತ್ತು ಜನ ನಡೆಸಿದರೂ ಪಾಠದ ತಿರುಳು ಒಂದೇ ಆಗಿರುತ್ತದೆ. ಎರಡನೆಯದು, ಹೊಸದಾಗಿ ಪಾಠ ನಡೆಸುವವರಿಗೆ ಧೈರ್ಯ ಬರುತ್ತದೆ. ಮೂರನೆಯದು, ಪಾಠದಲ್ಲಿ ಎಲ್ಲಿ ಲೋಪವಾಯಿತೆಂದು ಹಿಂದಿರುಗಿ ನೋಡಿ ತಿದ್ದಲು ಆಧಾರ ಸಿಗುತ್ತದೆ.

ಮೈಸೂರು ಮತ್ತು ತರಬೇತಿ

ತರಬೇತಿಯ ವಿಚಾರದಲ್ಲಿ ಮೈಸೂರು ನಗರಕ್ಕೆ ಹಳೆಯ ನಂಟಿದೆ. ಕೇಂದ್ರ ರೇಷ್ಮೆ ಮಂಡಳಿಗೆ ಸೇರಿದ, 1961ರಲ್ಲಿ ಆರಂಭವಾದ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಮಾನಂದವಾಡಿ ರಸ್ತೆಯಲ್ಲಿದೆ. ವಿ-1 ಹಿಪ್ಪುನೇರಳೆ ತಳಿಯನ್ನು ಕೊಟ್ಟ ಈ ಸಂಸ್ಥೆಯ ಹೆಸರಿನಲ್ಲಿಯೇ ಸಂಶೋಧನೆಯ ಜೊತೆಗೆ ತರಬೇತಿಯೂ ಸೇರಿದೆ. 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆಹಾರ ಸಂಸ್ಕರಣೆಯಲ್ಲಿ ತರಬೇತಿ ನೀಡುತ್ತದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಲಲಿತಮಹಲ್ ರಸ್ತೆಯ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ಅನುಭವ. 1993ರ ಪಂಚಾಯತ್ ರಾಜ್ ಕಾಯಿದೆಯ ನಂತರ ರಾಜ್ಯದಲ್ಲಿ ಸಾವಿರಾರು ಮಂದಿ ಹೊಸ ಗ್ರಾಮ ಪಂಚಾಯಿತಿ ಸದಸ್ಯರು ಆಯ್ಕೆಯಾಗಿ ಬಂದರು. ಇವರಲ್ಲಿ ಬಹಳ ಮಂದಿ ಮಹಿಳೆಯರು. ಸಭೆಯಲ್ಲಿ ಕೂತು ಅಭ್ಯಾಸವಿಲ್ಲದವರು. ಎಲ್ಲರನ್ನೂ ಮೈಸೂರಿಗೆ ಕರೆಸುವುದು ಸಾಧ್ಯವಿರಲಿಲ್ಲ. ಆದ್ದರಿಂದ 2000ದ ದಶಕದಲ್ಲಿ ಮೈಸೂರಿನ ಸ್ಟುಡಿಯೋದಿಂದ ಉಪಗ್ರಹದ ಮೂಲಕ ಪಾಠಗಳನ್ನು ಬಿತ್ತರಿಸಿ, ತಾಲ್ಲೂಕು ಕೇಂದ್ರಗಳಲ್ಲಿ ಸದಸ್ಯರನ್ನು ಕೂಡಿಸಿ ತರಬೇತಿ ನೀಡಲಾಯಿತು. ಪರದೆಯ ಮೇಲೆ ಕಾಣುವ ತಜ್ಞರು ಎಲ್ಲ ಕಡೆಗೂ ಒಬ್ಬರೇ. ಆದರೆ ಕೊಠಡಿಯಲ್ಲಿ ಚರ್ಚೆ ನಡೆಸುವ, ಮೂಲೆಯಲ್ಲಿ ಕುಳಿತವರನ್ನು ಮಾತನಾಡಿಸುವ, ಗುಂಪು ಚಟುವಟಿಕೆ ಮಾಡಿಸುವ ಸಂಪನ್ಮೂಲ ವ್ಯಕ್ತಿ ಪ್ರತಿ ತಾಲ್ಲೂಕಿಗೂ ಬೇರೆ. ಇಂಥ ಏರ್ಪಾಟಿನಲ್ಲಿ ಆ ವ್ಯಕ್ತಿಯ ಕೈಯಲ್ಲಿರುವ ಹಾಳೆ ಸರಿಯಿದ್ದರೆ ಪಾಠ ಪಾಠವಾಗುತ್ತದೆ, ಇಲ್ಲವಾದರೆ ಅದು ಬರೀ ಟೆಲಿವಿಷನ್ ನೋಡಿದಂತೆ.

ಹೊರನಾಡಿನ ಎರಡು ಪಾಠಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಲಕ್ಷಾಂತರ ಮಂದಿ ಕೆಲಸಕ್ಕೆ ಬಂದರು. ಅವರಿಗೆ ಬೇಗ ಕಸುಬು ಕಲಿಸಬೇಕಾಗಿತ್ತು. ಆಗ ಮೇಸ್ತ್ರಿಗಳಿಗೆ ಕಲಿಸುವ ಕ್ರಮವನ್ನೇ ಒಂದು ಪಾಠವಾಗಿ ಹೇಳಿಕೊಟ್ಟರು. ಅಲ್ಲಿ ವಿದ್ಯುತ್ ತಂತಿಗೆ ಹಾಕುವ ಒಂದು ಗಂಟನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಿದ್ದರು. ಮೊದಲು ಬರೀ ಬಾಯಿಮಾತಿನಲ್ಲಿ ಹೇಳಿ ಗಂಟು ಹಾಕಿಸಿದರೆ ಯಾರಿಗೂ ಬರುತ್ತಿರಲಿಲ್ಲ. ಮಾತಿಲ್ಲದೆ ಬರೀ ಮಾಡಿ ತೋರಿಸಿದರೂ ಬರುತ್ತಿರಲಿಲ್ಲ. ಹೇಳುತ್ತಾ ತೋರಿಸಿ, ಮರ್ಮವನ್ನು ಒತ್ತಿ ತಿಳಿಸಿ, ಕಲಿಯುವವನ ಕೈಯಲ್ಲೇ ಮಾಡಿಸಿ, ಮಾಡುತ್ತಿರುವಾಗ ಅವನ ಬಾಯಲ್ಲೇ ಕಾರಣವನ್ನು ಹೇಳಿಸಿದಾಗ ಮಾತ್ರ ಗಂಟು ಬೀಳುತ್ತಿತ್ತು. ಎತ್ತಿನ ಕಣ್ಣಿಗೆ ಜೀರುಗುಣಿಕೆ ಹಾಕುವುದನ್ನು ಮಗನಿಗೆ ಕಲಿಸಿದವರಿಗೆ ಈ ಮಾತು ಹೊಸದಲ್ಲ.

ಇನ್ನೊಂದು ಪಾಠ ಇಂಡೋನೇಷ್ಯದ್ದು. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ಮಿತಿಮೀರಿತು. ಸಿಂಪಡಿಸಿದ ವಿಷ ಮಿತ್ರಕೀಟಗಳನ್ನೇ ಕೊಂದು ಪಿಡುಗನ್ನು ಹೆಚ್ಚಿಸುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಇಪ್ಪತ್ತು ಇಪ್ಪತ್ತೈದು ರೈತರು ವಾರಕ್ಕೊಮ್ಮೆ ಗದ್ದೆಯಲ್ಲಿ ಸೇರಿ, ಕಂಡ ಕೀಟಗಳನ್ನು ದೊಡ್ಡ ಹಾಳೆಯಲ್ಲಿ ಬರೆದು, ಸಿಂಪರಣೆ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ಪಾಠ ನಡೆಸುವವರಿಗೆ ಅಲ್ಲಿ ಕೊಟ್ಟ ಮುಖ್ಯ ಸೂಚನೆಯೆಂದರೆ, ರೈತ ಒಂದು ಹುಳುವನ್ನು ತೋರಿಸಿ "ಇದೇನು?" ಎಂದರೆ ಕೂಡಲೇ ಹೆಸರು ಹೇಳಬಾರದು. "ಇದನ್ನು ಎಲ್ಲಿ ಕಂಡಿರಿ? ಇದು ಏನನ್ನು ತಿನ್ನುತ್ತಿತ್ತು? ಎಷ್ಟಿದ್ದವು?" ಎಂದು ಮರುಪ್ರಶ್ನೆ ಕೇಳಬೇಕು. ಹೆಸರು ಹೇಳಿಬಿಟ್ಟರೆ ನೋಡುವುದು ನಿಂತುಹೋಗುತ್ತದೆ.

ಬರೆಯುವ ಮುನ್ನ: ಗುರಿ ಮತ್ತು ಕಲಿಯುವವರು

ಲೇಖನಿ ಹಿಡಿಯುವ ಮುನ್ನ "ಪಾಠ ಮುಗಿದ ಮೇಲೆ ಕಲಿತವರು ಏನನ್ನು ಮಾಡಬಲ್ಲರು?" ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಬೇಕು. ಆ ವಾಕ್ಯದ ಕ್ರಿಯಾಪದ ಕಣ್ಣಿಗೆ ಕಾಣುವ ಕೆಲಸವಾಗಿರಬೇಕು. "ತಿಳಿಯುವುದು", "ಅರಿವು ಮೂಡುವುದು" ಎಂಬಂಥ ಪದಗಳು ಸಾಲವು. ಏಕೆಂದರೆ ಅವು ಆದವೋ ಇಲ್ಲವೋ ಎಂದು ನೋಡಿ ಹೇಳಲಾಗದು.

ಒಂದು ಉದಾಹರಣೆ ನೋಡೋಣ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟು ರೇಷ್ಮೆ ಬೆಳೆಗಾರರಿಗೆ ದೊಡ್ಡ ನಷ್ಟ ಉಂಟುಮಾಡಿತು. ಆ ಬಗ್ಗೆ ಪಾಠದ ಗುರಿಯನ್ನು "ಊಜಿ ನೊಣದ ಬಗ್ಗೆ ತಿಳಿವಳಿಕೆ ನೀಡುವುದು" ಎಂದು ಬರೆದರೆ ಯಾವ ಪ್ರಯೋಜನವೂ ಇಲ್ಲ. "ಹುಳುವಿನ ಮೈಮೇಲೆ ಊಜಿಯ ಬಿಳಿ ಮೊಟ್ಟೆಯನ್ನೂ, ಅನಂತರ ಮೂಡುವ ಕಪ್ಪು ಕಲೆಯನ್ನೂ ಗುರುತಿಸಿ ತೋರಿಸುವುದು, ಸಾಕಣೆ ಮನೆಯ ಕಿಟಕಿಬಾಗಿಲುಗಳಿಗೆ ಸಂದಿಯಿಲ್ಲದಂತೆ ನೈಲಾನ್ ಪರದೆ ಕಟ್ಟುವುದು" ಎಂದು ಬರೆದರೆ, ಏನನ್ನು ತರಬೇಕು, ಏನನ್ನು ಮಾಡಿಸಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ. ಒಂದು ಪಾಠಕ್ಕೆ ಒಂದು, ಹೆಚ್ಚೆಂದರೆ ಎರಡು ಗುರಿಗಳು ಸಾಕು.

ಎರಡನೆಯದಾಗಿ, ಕಲಿಯುವವರು ಯಾರೆಂಬುದನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ಬರೆಯಬೇಕು. ಹುಳು ಮನೆಯ ಕೆಲಸದಲ್ಲಿ ಬಹುಪಾಲು ಹೆಂಗಸರದು. ಆದರೆ ತರಬೇತಿಗೆ ಬಂದು ಸಹಿ ಹಾಕುವವರು ಬಹಳ ಕಡೆ ಗಂಡಸರು. ಕೆಲಸ ಮಾಡುವವರಿಗೆ ಪಾಠ ತಲುಪದಿದ್ದರೆ ಫಲವಿಲ್ಲ. ಬೆಳಗಿನ ಸೊಪ್ಪು ಹಾಕಿದ ಮೇಲೆ, ಮಧ್ಯಾಹ್ನದ ಸೊಪ್ಪಿಗೆ ಮುನ್ನ ಸಿಗುವ ಬಿಡುವಿನಲ್ಲಿ ಪಾಠ ಇಟ್ಟುಕೊಳ್ಳಬೇಕು. ಹುಳು ಜ್ವರಕ್ಕೆ ಕೂತಿರುವ ದಿನವಾದರೆ ಇನ್ನೂ ಉತ್ತಮ.

ಹೆಜ್ಜೆ, ಮರ್ಮ, ಕಾರಣ

ಕಲಿಸಬೇಕಾದ ಕೆಲಸವನ್ನು ಬರೆಯುವವನು ಮೊದಲು ತಾನೇ ಮಾಡುತ್ತಾ, ಪ್ರತಿ ಹೆಜ್ಜೆಗೂ ನಿಂತು ಬರೆದುಕೊಳ್ಳಬೇಕು. ನೆನಪಿನಿಂದ ಬರೆಯಬಾರದು. ಪಳಗಿದ ಕೈ ಅನೇಕ ಸಣ್ಣ ಕೆಲಸಗಳನ್ನು ಮನಸ್ಸಿಗೆ ತಿಳಿಯದಂತೆಯೇ ಮಾಡಿಬಿಡುತ್ತದೆ. ಹೊಸಬರು ಎಡವುವುದು ಅಲ್ಲಿಯೇ. ಹಾಳೆಯಲ್ಲಿ ಮೂರು ಕಂಬಸಾಲು ಎಳೆದು ಹೆಜ್ಜೆ, ಮರ್ಮ, ಕಾರಣ ಎಂದು ಬರೆಯಬೇಕು. ಹೆಜ್ಜೆ ಎಂದರೆ ಮಾಡುವ ಕೆಲಸ. ಮರ್ಮ ಎಂದರೆ ಆ ಕೆಲಸ ಕೆಡುವುದು ಅಥವಾ ಕೂಡುವುದು ಯಾವುದರಿಂದಲೋ ಅದು. ಕಾರಣ ಎಂದರೆ ಹಾಗೇ ಏಕೆ ಮಾಡಬೇಕು ಎಂಬುದು.

ಸಾಕಣೆ ಮನೆಯ ಸೋಂಕು ನಿವಾರಣೆಯ ಮೂರು ಹೆಜ್ಜೆಗಳನ್ನು ಹೀಗೆ ಬರೆಯಬಹುದು:

ಹೆಜ್ಜೆ 1. ಹಿಂದಿನ ಬೆಳೆಯಲ್ಲಿ ರೋಗವಿದ್ದರೆ, ಗುಡಿಸುವ ಮುನ್ನವೇ ಒಮ್ಮೆ ಸೋಂಕು ನಿವಾರಕ ಸಿಂಪಡಿಸುವುದು.
ಮರ್ಮ: ಒಣ ಕಸಕ್ಕೆ ಪೊರಕೆ ಹಾಕಬಾರದು.
ಕಾರಣ: ರೋಗಾಣುಗಳು ಧೂಳಿನೊಡನೆ ಎದ್ದು ಮನೆಯೆಲ್ಲ ಹರಡುತ್ತವೆ.

ಹೆಜ್ಜೆ 2. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ ಮತ್ತು 30 ಗ್ರಾಂ ಅರಳಿದ ಸುಣ್ಣ ಬೆರೆಸುವುದು. ಅಂದರೆ ಶೇಕಡ 2ರ ಬ್ಲೀಚಿಂಗ್, ಶೇಕಡ 0.3ರ ಸುಣ್ಣ.
ಮರ್ಮ: ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರಿಗೆ ಸೇರಿಸಬೇಕು. ಬಾಯಿ ಕಟ್ಟಿಟ್ಟ ಹೊಸ ಚೀಲದ ಪುಡಿಯನ್ನೇ ಬಳಸಬೇಕು.
ಕಾರಣ: ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ತೂಕ ಸರಿಯಿದ್ದರೂ ಸತ್ವವಿರುವುದಿಲ್ಲ.

ಹೆಜ್ಜೆ 3. ಗೋಡೆ, ನೆಲ, ಸೂರು, ತಟ್ಟೆ, ಚಂದ್ರಿಕೆಗಳು ಚೆನ್ನಾಗಿ ತೊಯ್ಯುವಂತೆ ಸಿಂಪಡಿಸುವುದು.
ಮರ್ಮ: ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು ಕಡ್ಡಾಯ. ಫಾರ್ಮಲಿನ್ ಜೊತೆ ಎಂದಿಗೂ ಬೆರೆಸಬಾರದು. ಕೆಲಸ ಮುಗಿದ ಮೇಲೆ ಸಿಂಪರಣಾ ಯಂತ್ರವನ್ನು ತೊಳೆಯಬೇಕು.
ಕಾರಣ: ಕ್ಲೋರಿನ್ ಶ್ವಾಸಕ್ಕೆ ಕೆಟ್ಟದ್ದು, ಲೋಹವನ್ನು ತಿನ್ನುತ್ತದೆ. ತೊಯ್ಯದ ಜಾಗದಲ್ಲಿ ರೋಗಾಣು ಉಳಿಯುತ್ತದೆ.

"ತಕ್ಕಷ್ಟು" ಎಂಬ ಪದವಿದ್ದ ಜಾಗದಲ್ಲಿ ಈಗ ಏನಿದೆ ಎಂಬುದನ್ನು ವಾಚಕರು ಗಮನಿಸಬೇಕು. ಮನೆಯಲ್ಲಿ ತಕ್ಕಡಿ ಇಲ್ಲದವರ ಗತಿಯೇನು? ಕೈಪಿಡಿಯಲ್ಲಿ "ಎರಡು ಲೋಟ" ಎಂದು ಬರೆಯಬಾರದು, ಏಕೆಂದರೆ ಮನೆಗೊಂದು ಲೋಟ. ಬದಲಾಗಿ "ಪ್ರತಿಯೊಬ್ಬರೂ ತಮ್ಮ ಮನೆಯ ಲೋಟವನ್ನು ತರಬೇಕು. ಪಾಠದಲ್ಲಿ 200 ಗ್ರಾಂ ಪುಡಿ ತೂಗಿ ಅದರೊಳಗೆ ಹಾಕಿ, ಮಟ್ಟಕ್ಕೆ ಗೀರು ಎಳೆದುಕೊಳ್ಳಬೇಕು" ಎಂದು ಬರೆಯಬೇಕು. ಆ ಲೋಟವನ್ನು ಮತ್ತೆ ಕುಡಿಯಲು ಬಳಸಬಾರದೆಂದೂ ಸೇರಿಸಬೇಕು. ಗೀರು ಹಾಕಿದ ಲೋಟ ಮನೆಗೆ ಹೋದರೆ ಪಾಠವೂ ಮನೆಗೆ ಹೋದಂತೆ.

ಒಂದು ಪಾಠದ ಮಾದರಿ

ಮೇಲಿನ ವಿಷಯಕ್ಕೆ 90 ನಿಮಿಷಗಳ ಪಾಠದ ಕೈಪಿಡಿಯನ್ನು ಮಾದರಿಯಾಗಿ ಇಲ್ಲಿ ಕೊಡಲಾಗಿದೆ.

ಗುರಿ: ಕಲಿತವರು ಬ್ಲೀಚಿಂಗ್ ದ್ರಾವಣವನ್ನು ಸರಿಯಾದ ಅಳತೆಯಲ್ಲಿ ತಾವೇ ತಯಾರಿಸುವರು, ಸೋಂಕು ನಿವಾರಣೆಯ ಹೆಜ್ಜೆಗಳನ್ನು ಕ್ರಮವಾಗಿ ಹೇಳುವರು.

ಬೇಕಾಗುವ ಸಾಮಾನು: ತಕ್ಕಡಿ, ಹೊಸ ಚೀಲದ ಬ್ಲೀಚಿಂಗ್ ಪುಡಿ, ಅರಳಿದ ಸುಣ್ಣ, 10 ಲೀಟರ್ ಗುರುತಿರುವ ಎರಡು ಪ್ಲಾಸ್ಟಿಕ್ ಬಕೆಟ್, ಕೋಲು, ಗವಸು, ಬಟ್ಟೆ, ಐದು ಚಿತ್ರದ ರಟ್ಟುಗಳು. ಹಿಂದಿನ ದಿನವೇ ಎಲ್ಲವನ್ನೂ ಜೋಡಿಸಿ ಎಣಿಸಿ ನೋಡಿ.

ಮೊದಲ 10 ನಿಮಿಷ – ಮಾತಿಗೆ ಎಳೆಯುವುದು. ಕೇಳಿ: "ಕಳೆದ ವರ್ಷ ಯಾರ ಮನೆಯಲ್ಲಿ ಒಂದು ಬೆಳೆಯಾದರೂ ಕೆಟ್ಟಿತ್ತು? ಆಗ ಹುಳು ಹೇಗೆ ಕಾಣುತ್ತಿತ್ತು?" ಮೈ ಊದಿ ಹಾಲಿನಂಥ ದ್ರವ ಸೋರುವುದು, ಹುಳು ಸಪ್ಪಗಾಗಿ ಮೆತ್ತಗಾಗುವುದು, ಸುಣ್ಣದಂತೆ ಗಟ್ಟಿಯಾಗುವುದು ಎಂಬ ಉತ್ತರಗಳು ಬರಬಹುದು. ಅವರು ಹೇಳಿದ ಹೆಸರುಗಳನ್ನೇ ಬಳಸಿ. ಇಲ್ಲಿ ರೋಗಗಳ ಬಗ್ಗೆ ಉಪನ್ಯಾಸ ಬೇಡ.

ಮುಂದಿನ 20 ನಿಮಿಷ – ರಟ್ಟು ಜೋಡಿಸುವುದು. ರೋಗದ ಹುಳು ಆರಿಸಿ ಸುಡುವುದು, ಮೊದಲ ಸಿಂಪರಣೆ, ಗುಡಿಸಿ ತೊಳೆಯುವುದು, ಎರಡನೇ ಸಿಂಪರಣೆ, ಕಿಟಕಿ ತೆರೆದು ಗಾಳಿಯಾಡಿಸುವುದು – ಈ ಐದು ಚಿತ್ರಗಳನ್ನು ಕಲಸಿ ಗುಂಪಿಗೆ ಕೊಡಿ. ಹಿಂದಿನ ಬೆಳೆಯಲ್ಲಿ ರೋಗವಿದ್ದ ಮನೆಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರೇ ಜೋಡಿಸಲಿ. ಬಹಳ ಮಂದಿ "ಗುಡಿಸಿ ತೊಳೆಯುವುದು" ಚಿತ್ರವನ್ನು ಮೊದಲಿಡುತ್ತಾರೆ. ಆಗ "ತಪ್ಪು" ಎನ್ನಬೇಡಿ. "ಪೊರಕೆ ಆಡಿಸಿದಾಗ ಏಳುವ ಧೂಳು ಎಲ್ಲಿಗೆ ಹೋಗಿ ಕೂರುತ್ತದೆ?" ಎಂದು ಕೇಳಿ ಸುಮ್ಮನಿರಿ. ಅವರೇ ಚಿತ್ರವನ್ನು ಬದಲಾಯಿಸುವವರೆಗೆ ಕಾಯಿರಿ.

ಮುಂದಿನ 20 ನಿಮಿಷ – ಪ್ರಾತ್ಯಕ್ಷಿಕೆ. ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತು, ಎಲ್ಲರಿಗೂ ಕಾಣುವಂತೆ ಪುಡಿ ತೂಗಿ ಕಲಸಿ ತೋರಿಸಿ. ಮೊದಲ ಸಲ ಹೆಜ್ಜೆಗಳನ್ನು ಮಾತ್ರ ಹೇಳಿ. ಎರಡನೇ ಸಲ ಮರ್ಮವನ್ನೂ ಕಾರಣವನ್ನೂ ಸೇರಿಸಿ ಹೇಳಿ.

ಮುಂದಿನ 30 ನಿಮಿಷ – ಕೈಯಲ್ಲಿ ಮಾಡಿಸುವುದು. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಮಾಡುತ್ತಾ ಬಾಯಲ್ಲಿ ಹೇಳಲಿ, ಇನ್ನೊಬ್ಬರು ನೋಡಿ ತಿದ್ದಲಿ; ಆಮೇಲೆ ಅದಲುಬದಲಾಗಲಿ. ಲೋಟಕ್ಕೆ ಗೀರು ಎಳೆಯುವುದು ಈಗಲೇ. ಹೊತ್ತು ಸಾಲದೆ ಬಂದರೆ ಬೇರೆ ಯಾವ ಭಾಗವನ್ನಾದರೂ ಮೊಟಕು ಮಾಡಿ, ಈ ಭಾಗವನ್ನು ಮಾತ್ರ ಮುಟ್ಟಬೇಡಿ.

ಕೊನೆಯ 10 ನಿಮಿಷ – ಪರೀಕ್ಷೆ. ಕೇಳಿ: "15 ಲೀಟರ್ ಹಿಡಿಯುವ ಸಿಂಪರಣಾ ಡಬ್ಬಕ್ಕೆ ಪುಡಿ ಎಷ್ಟು, ಸುಣ್ಣ ಎಷ್ಟು?" ಸರಿಯುತ್ತರ: 300 ಗ್ರಾಂ ಪುಡಿ, 45 ಗ್ರಾಂ ಸುಣ್ಣ. ಹುಳು ಮನೆಯ ಕೆಲಸ ಮಾಡುವವರೇ ಉತ್ತರಿಸಲಿ.

ಈ ಮಾದರಿಯಲ್ಲಿ 90 ನಿಮಿಷಗಳ ಪೈಕಿ ಪಾಠ ನಡೆಸುವವನು ಮುಂದೆ ನಿಂತು ತೋರಿಸುವುದು 20 ನಿಮಿಷ ಮಾತ್ರ. ಉಳಿದದ್ದು ಕಲಿಯುವವರ ಮಾತು ಮತ್ತು ಕೈಕೆಲಸಕ್ಕೆ ಮೀಸಲು. ನೀವು ಬರೆದ ಕೈಪಿಡಿಯಲ್ಲಿ ಈ ಲೆಕ್ಕ ತಲೆಕೆಳಗಾಗಿದ್ದರೆ ಅದು ಉಪನ್ಯಾಸದ ಟಿಪ್ಪಣಿ, ತರಬೇತಿಯ ಕೈಪಿಡಿಯಲ್ಲ.

ಭಾಷೆ ಮತ್ತು ಪುಟದ ರೂಪ

ಪಾಠ ನಡೆಸುವವನು ಕೈಪಿಡಿಯನ್ನು ಕುಳಿತು ಓದುವುದಿಲ್ಲ. ನಿಂತುಕೊಂಡು, ಇಪ್ಪತ್ತು ಜನರ ಮುಂದೆ, ಓರೆಗಣ್ಣಿನಲ್ಲಿ ನೋಡುತ್ತಾನೆ. ಆದುದರಿಂದ ಅಕ್ಷರ ದೊಡ್ಡದಿರಬೇಕು, ವಾಕ್ಯ ಚಿಕ್ಕದಿರಬೇಕು, ಒಂದು ಚಟುವಟಿಕೆ ಒಂದೇ ಪುಟದಲ್ಲಿ ಮುಗಿಯಬೇಕು. ಪಾಠ ನಡೆಸುವವನು ಮಾಡಬೇಕಾದ್ದು, ಕೇಳಬೇಕಾದ್ದು, ನಿರೀಕ್ಷಿಸಬೇಕಾದ ಉತ್ತರ – ಈ ಮೂರಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ಬಲಗಡೆ ಅಂಚನ್ನು ಖಾಲಿ ಬಿಡಬೇಕು. ತನ್ನ ಊರಿನ ಉದಾಹರಣೆಗಳನ್ನು ಅವನು ಅಲ್ಲಿ ಬರೆದುಕೊಳ್ಳಲಿ.

ಪದಗಳು ಜನರ ಬಾಯಲ್ಲಿರುವವೇ ಆಗಿರಬೇಕು. ರೇಷ್ಮೆ ಬೆಳೆಗಾರರು ಹುಳು "ಜ್ವರಕ್ಕೆ ಕೂತಿತು", "ಹಣ್ಣಾಯಿತು" ಎನ್ನುತ್ತಾರೆ. ಕೈಪಿಡಿಯಲ್ಲಿ "ನಿರ್ಮೋಚನ ಹಂತ" ಎಂದು ಬರೆದರೆ ಪಾಠ ನಡೆಸುವವನೇ ತಡವರಿಸುತ್ತಾನೆ.

ಎಲ್ಲ ಮಾತನ್ನೂ ಅಕ್ಷರಶಃ ಬರೆದುಕೊಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅಳತೆ, ಎಚ್ಚರಿಕೆ, ಮುಖ್ಯ ಪ್ರಶ್ನೆ – ಈ ಮೂರನ್ನು ಅಕ್ಷರಶಃ ಬರೆಯಬೇಕು; ಇವನ್ನು ಯಾರೂ ಬದಲಾಯಿಸಕೂಡದು. ಉಳಿದದ್ದಕ್ಕೆ ಸೂಚನೆ ಸಾಕು. ಎಲ್ಲವನ್ನೂ ಬರೆದುಕೊಟ್ಟರೆ ಅವನು ಹಾಳೆ ನೋಡಿಕೊಂಡು ಓದುತ್ತಾನೆ, ಜನ ಆಕಳಿಸುತ್ತಾರೆ.

ಕಷ್ಟದ ಸಂದರ್ಭಗಳು

ಅನುಭವವಿಲ್ಲದ ತರಬೇತುದಾರ ಹೆದರುವುದು ವಿಷಯಕ್ಕಲ್ಲ, ಜನಕ್ಕೆ. ಆದ್ದರಿಂದ ಕೈಪಿಡಿಯ ಕೊನೆಯಲ್ಲಿ "ಹೀಗಾದರೆ ಏನು ಮಾಡಬೇಕು?" ಎಂಬ ಒಂದು ಪುಟ ಇರಲೇಬೇಕು.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಊಹಿಸಿ ಹೇಳಬಾರದು. "ಇದನ್ನು ಬರೆದುಕೊಂಡಿದ್ದೇನೆ, ರೇಷ್ಮೆ ಇಲಾಖೆಯಲ್ಲಿ ವಿಚಾರಿಸಿ ಮುಂದಿನ ವಾರ ತಿಳಿಸುತ್ತೇನೆ" ಎನ್ನಬೇಕು, ಹಾಗೆಯೇ ತಿಳಿಸಬೇಕು. ಇದರಿಂದ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಒಬ್ಬರೇ ಹಿರಿಯರು ಎಲ್ಲ ಪ್ರಶ್ನೆಗೂ ಉತ್ತರಿಸುತ್ತಿದ್ದರೆ, "ಯಜಮಾನರೇ, ನಿಮ್ಮ ಅನುಭವ ನಮಗೆಲ್ಲ ಬೇಕು. ಮೊದಲು ಚಿಕ್ಕವರು ಹೇಳಲಿ, ಕೊನೆಗೆ ನೀವು ತಿದ್ದಿಕೊಡಿ" ಎಂದು ಕೇಳಿಕೊಳ್ಳಬೇಕು. ಹೆಂಗಸರು ಹಿಂದೆ ನಿಂತಿದ್ದರೆ, ತೂಗುವ ಕೆಲಸವನ್ನು ಅವರ ಕೈಗೇ ಕೊಡಬೇಕು. ಮಾತಿಗೆ ಸಂಕೋಚಪಡುವವರು ಕೆಲಸಕ್ಕೆ ಸಂಕೋಚಪಡುವುದಿಲ್ಲ.

"ನಮ್ಮಪ್ಪನ ಕಾಲದಿಂದ ಬರೀ ಸಗಣಿ ಸಾರಿಸಿಯೇ ಬೆಳೆ ತೆಗೆದಿದ್ದೇವೆ" ಎಂದು ಯಾರಾದರೂ ಹೇಳಿದರೆ ವಾದಕ್ಕೆ ಇಳಿಯಬಾರದು. ಅಂದಿನ ನಾಟಿ ಹುಳು ಗಡುಸು. ಇಂದಿನ ದ್ವಿತಳಿ ಹುಳುವಿನ ಇಳುವರಿ ಹೆಚ್ಚು, ಜೊತೆಗೆ ನಾಜೂಕೂ ಹೆಚ್ಚು ಎಂಬುದನ್ನು ಅವರ ಅನುಭವದಿಂದಲೇ ಹೊರಡಿಸಬೇಕು.

ಕೈಪಿಡಿಯನ್ನು ಪರೀಕ್ಷಿಸುವುದು

ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷೆ ಮಾಡುವಂತೆ, ಅಚ್ಚಿಗೆ ಕೊಡುವ ಮುನ್ನ ಕೈಪಿಡಿಯನ್ನೂ ಪರೀಕ್ಷಿಸಬೇಕು. ಬರೆದವನೇ ಪಾಠ ನಡೆಸಿ ನೋಡಿದರೆ ಪರೀಕ್ಷೆಯಾಗದು, ಏಕೆಂದರೆ ಹಾಳೆಯಲ್ಲಿ ಬಿಟ್ಟುಹೋದದ್ದನ್ನು ಅವನ ತಲೆ ತುಂಬಿಕೊಡುತ್ತದೆ. ಆ ಪಾಠ ಹಿಂದೆಂದೂ ನಡೆಸದ ಒಬ್ಬರಿಗೆ ಹಾಳೆಯನ್ನು ಮಾತ್ರ ಕೊಟ್ಟು, ಏನನ್ನೂ ವಿವರಿಸದೆ, ಐದಾರು ಜನರಿಗೆ ಪಾಠ ಮಾಡಿಸಬೇಕು. ಬರೆದವನು ಹಿಂದೆ ಕೂತು ಬಾಯಿ ಬಿಗಿಹಿಡಿದು ನೋಡಬೇಕು. ಎಲ್ಲಿ ತಡವರಿಸಿದರು, ಎಲ್ಲಿ ಹೊತ್ತು ಮೀರಿತು, ಯಾವ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ ಎಂದು ಗುರುತು ಹಾಕಿಕೊಂಡು ಆ ಜಾಗಗಳನ್ನು ತಿದ್ದಬೇಕು. ನನ್ನ ಮೊದಲ ಕೈಪಿಡಿಯನ್ನು ಹೀಗೆ ಒಂದು ಸಲ ಪರೀಕ್ಷಿಸಿದ್ದರೆ "ತಕ್ಕಷ್ಟು" ಎಂಬ ಪದ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ತರಬೇತಿ ಮುಗಿದ ಮೇಲೆ ಮುಂದಿನ ಚಾಕಿ ಕಟ್ಟುವ ಮುನ್ನ ಕಲಿತವರ ನಾಲ್ಕೈದು ಮನೆಗಳಿಗೆ ಹೋಗಿ ನೋಡಬೇಕು. ಗೀರು ಹಾಕಿದ ಲೋಟ ಗೂಡಿನಲ್ಲಿದೆಯೇ? ಪುಡಿಯ ಚೀಲದ ಬಾಯಿ ಕಟ್ಟಿದೆಯೇ? ತರಬೇತಿಯ ನಿಜವಾದ ಅಂಕಪಟ್ಟಿ ಅಲ್ಲಿದೆ. ಅಲ್ಲಿ ಕಂಡದ್ದನ್ನು ಕೈಪಿಡಿಯ ಖಾಲಿ ಅಂಚಿನಲ್ಲಿ ಬರೆದು, ವರ್ಷಕ್ಕೊಮ್ಮೆ ಹೊಸ ಪ್ರತಿ ಸಿದ್ಧಪಡಿಸಬೇಕು. ಶಿಫಾರಸುಗಳು ಬದಲಾಗುವುದುಂಟು, ಆದ್ದರಿಂದ ಪ್ರತಿ ಕೈಪಿಡಿಯ ಮೇಲೂ ಬರೆದ ವರ್ಷ ನಮೂದಾಗಿರಲಿ.

ಮುಂದೆ ಅದೇ ಗ್ರಾಮದಲ್ಲಿ ತಿದ್ದಿದ ಕೈಪಿಡಿಯಿಂದ ಮತ್ತೆ ಪಾಠ ನಡೆಯಿತು. ಈ ಸಲ ತೂಗುವ ಕೆಲಸವನ್ನು ಮಾಡಿ ತೋರಿಸಿದವರು, ಹಿಂದೆ ನನಗೆ ಪ್ರಶ್ನೆ ಹಾಕಿದ ಆ ತಾಯಿಯೇ. ಅವರಿಗೆ ಓದಲು ಬಾರದು. ಆದರೆ ಅವರ ಲೋಟದ ಗೀರು ಎಲ್ಲರದ್ದಕ್ಕಿಂತ ನೇರವಾಗಿತ್ತು.

ನೆನಪಿಡಬೇಕಾದ ಅಂಶಗಳು

1. ಗುರಿಯನ್ನು ಕಣ್ಣಿಗೆ ಕಾಣುವ ಕೆಲಸದ ರೂಪದಲ್ಲಿ ಬರೆಯಿರಿ.
2. ಕೆಲಸವನ್ನು ಮಾಡುತ್ತಲೇ ಹೆಜ್ಜೆ, ಮರ್ಮ, ಕಾರಣಗಳನ್ನು ಬರೆದುಕೊಳ್ಳಿ.
3. "ತಕ್ಕಷ್ಟು", "ಚೆನ್ನಾಗಿ", "ಆಗಾಗ್ಗೆ" ಎಂಬ ಪದಗಳಿಗೆ ಬದಲು ಅಳತೆ ಮತ್ತು ಹೊತ್ತನ್ನು ಕೊಡಿ.
4. ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಕಲಿಯುವವರ ಮಾತಿಗೂ ಕೈಕೆಲಸಕ್ಕೂ ಮೀಸಲಿಡಿ.
5. ಬರಬಹುದಾದ ತಪ್ಪು ಉತ್ತರವನ್ನೂ ಅದನ್ನು ತಿದ್ದುವ ಪ್ರಶ್ನೆಯನ್ನೂ ಬರೆಯಿರಿ.
6. ಬೇರೊಬ್ಬರಿಂದ ಪಾಠ ಮಾಡಿಸಿ ಕೈಪಿಡಿಯನ್ನು ಪರೀಕ್ಷಿಸಿ.

ಅಭ್ಯಾಸ

1. ನೀವು ಚೆನ್ನಾಗಿ ಬಲ್ಲ ಒಂದು ಕೆಲಸವನ್ನು ಆರಿಸಿಕೊಳ್ಳಿ. ಹಾಲು ಕರೆಯುವುದು, ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು, ಸಸಿಗೆ ಕಸಿ ಕಟ್ಟುವುದು ಯಾವುದಾದರೂ ಆಗಬಹುದು. ಅದರ ಹೆಜ್ಜೆ, ಮರ್ಮ, ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ.
2. ಆ ಕೆಲಸ ಗೊತ್ತಿಲ್ಲದ ಮನೆಯವರೊಬ್ಬರಿಗೆ ಹಾಳೆಯನ್ನು ಓದಿ ಹೇಳಿ, ಅವರಿಂದ ಮಾಡಿಸಿ. ಎಲ್ಲಿ ಎಡವಿದರೆಂದು ಗುರುತು ಹಾಕಿಕೊಳ್ಳಿ.
3. ಎಡವಿದ ಜಾಗದಲ್ಲಿ ನಿಮ್ಮ ಹಾಳೆ ಏನನ್ನು ಹೇಳದೆ ಬಿಟ್ಟಿತ್ತು? ಅದನ್ನು ಸೇರಿಸಿ ಹಾಳೆಯನ್ನು ಮತ್ತೆ ಬರೆಯಿರಿ.